ಮಾರೇನಹಳ್ಳಿಯ ಟ್ರಂಕಿನಲ್ಲಿದ್ದ ಮೂಳೆಗಳು

1976ರಲ್ಲಿ ನಾನು ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಉಪನ್ಯಾಸಕಿ. ಎಲ್ಲಾದರೂ ಮೂಳೆ ಸಿಕ್ಕಿದರೆ ಪೊಲೀಸರು ನಮ್ಮ ವಿಭಾಗದ ಅಭಿಪ್ರಾಯ ಕೇಳುವುದು ವಾಡಿಕೆ. ಬಹುಪಾಲು ಅದು ಕುರಿಯದೋ ನಾಯಿಯದೋ ಆಗಿರುತ್ತಿತ್ತು. ಹಾಗಾಗಿ ಪಿತೃಪಕ್ಷದ ಒಂದು ಮಧ್ಯಾಹ್ನ ಸಬ್‌ಇನ್‌ಸ್ಪೆಕ್ಟರು ವಿಜಯನಗರದ ನನ್ನ ಮನೆಗೇ ಜೀಪು ತಂದಾಗ, ಊಟದ ನಂತರದ ನಿದ್ದೆ ಕೆಟ್ಟ ಸಿಟ್ಟಷ್ಟೇ ನನಗಿತ್ತು.

ಜೀಪು ಹೋದದ್ದು ಮಾರೇನಹಳ್ಳಿಯ ಮುನಿಯಮ್ಮನವರ ಮನೆಗೆ. ಅವರದು ಊರಿನ ಹಳೆಯ ಬೇಸಾಯದ ಕುಟುಂಬ. ಹೊಲ ಲೇಔಟಿಗೆ ಹೋದ ಮೇಲೆ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹಿರಿಯರ ಹಬ್ಬಕ್ಕೆ ಸುಣ್ಣ ಬಳಿಸಲೆಂದು ಬಾಡಿಗೆದಾರನ ಟ್ರಂಕನ್ನು ಎಳೆದಾಗ ಚಿಲಕ ಕಳಚಿ, ಒಂದು ಪುಟ್ಟ ತಲೆಬುರುಡೆ ಉರುಳಿ ಬಂದಿತ್ತು.

ಬಾಡಿಗೆದಾರ ಶಂಕರಪ್ಪ ಸರಕು ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಂಟಿ ಮನುಷ್ಯ. ನಾನು ಹೋದಾಗ ಜಗಲಿಯ ಮೇಲೆ ಕುಳಿತಿದ್ದ. ಅಂಗಿ ಹರಿದಿತ್ತು, ತುಟಿ ಊದಿತ್ತು. ಹಿಂದಿನ ವರ್ಷ ನಾಯಂಡಹಳ್ಳಿಯಲ್ಲಿ ಆರು ವರ್ಷದ ಮಗುವೊಂದು ಕಾಣೆಯಾಗಿತ್ತು. ಗೇಟಿನಾಚೆ ನಿಂತಿದ್ದ ಜನ ಆಗಲೇ ತೀರ್ಪು ಕೊಟ್ಟಾಗಿತ್ತು.

"ಮಗೂದೇ ಅಂತ ಒಂದ್ ಮಾತು ಹೇಳ್ಬಿಡಿ ಮೇಡಂ. ಮಿಕ್ಕಿದ್ದು ನಾನ್ ನೋಡ್ಕೋತೀನಿ," ಎಂದರು ಸಬ್‌ಇನ್‌ಸ್ಪೆಕ್ಟರು.

"ಹೌದೋ ಅಲ್ವೋ ನೋಡಕ್ಕೇ ತಾನೇ ನನ್ನ ಕರ್ಕೊಂಡ್ ಬಂದಿದ್ದು? ಸ್ವಲ್ಪ ಸುಮ್ನಿರಿ," ಎಂದೆ.

ಕೋಣೆಯಲ್ಲಿ ಹಸಿ ಸುಣ್ಣದ ವಾಸನೆ. ಬುರುಡೆಯ ಪಕ್ಕ ಮುನಿಯಮ್ಮ ಒಂದು ಬಟ್ಟಲು ಹಾಲು ಇಟ್ಟಿದ್ದರು. ಎಳೆಯ ಮಕ್ಕಳನ್ನು ಹೂಳಿದ ಜಾಗಕ್ಕೆ ಹಾಲು ಎರೆಯುವುದು ಅವರ ಪದ್ಧತಿ.

ತೊಡೆಯ ಮೂಳೆ ಎತ್ತಿಕೊಂಡೆ. ಆರೇಳು ವರ್ಷದ ಮಗುವಿನದಷ್ಟೇ ಉದ್ದ. ಶಂಕರಪ್ಪನ ಕಥೆ ಮುಗಿಯಿತು ಅಂದುಕೊಂಡೆ. ಆಮೇಲೆ ಮೂಳೆಯ ತುದಿ ನೋಡಿದೆ. ಬೆಳೆಯುವ ಮಕ್ಕಳಲ್ಲಿ ಎಪಿಫಿಸಿಸ್, ಅಂದರೆ ಮೂಳೆಯ ತುದಿ, ಬೇರೆ ತುಂಡಾಗಿರುತ್ತದೆ. ಬೆಳವಣಿಗೆ ಮುಗಿದ ಮೇಲಷ್ಟೇ ಬೆಸೆದುಕೊಳ್ಳುತ್ತದೆ. ಇದು ಪೂರ್ತಿ ಬೆಸೆದಿತ್ತು. ದವಡೆಯಲ್ಲಿ ಬುದ್ಧಿಹಲ್ಲು ಬಂದು, ಸವೆದು ಚಪ್ಪಟೆಯಾಗಿತ್ತು.

ಮಗು ಅಂದುಕೊಂಡಿದ್ದಾಗ ಮರುಕವಿತ್ತು. ದೊಡ್ಡವರದು ಎಂದು ತಿಳಿದ ಕ್ಷಣ ಮರುಕದ ಜಾಗಕ್ಕೆ ಭಯ ಬಂತು. ಆ ದವಡೆಗೆ ಗದ್ದವೇ ಇರಲಿಲ್ಲ. ಕಣ್ಣುಗುಳಿಗಳ ಮೇಲೆ ದಪ್ಪನೆಯ ಏಣು. ನಮ್ಮಂಥ ಮನುಷ್ಯರ ಬುರುಡೆ ಹೀಗಿರುವುದಿಲ್ಲ. ಯಾವುದೋ ಕಾಯಿಲೆ ಇರಬಹುದೆಂದು ಸಮಾಧಾನ ಹೇಳಿಕೊಂಡು ಟ್ರಂಕಿನೊಳಗೆ ಕೈ ಹಾಕಿದೆ. ಇನ್ನೊಂದು ದವಡೆ ಸಿಕ್ಕಿತು, ಮತ್ತೂ ಒಂದು. ಎಲ್ಲವೂ ಅಷ್ಟೇ ಪುಟ್ಟವು, ಎಲ್ಲದರ ಹಲ್ಲೂ ಸವೆದವು. ಸುಣ್ಣದ ಗೋಡೆಗೆ ಬೆನ್ನು ತಾಗಿದಾಗಲೇ ನಾನು ಹಿಂದೆ ಸರಿದಿದ್ದೇನೆಂದು ಗೊತ್ತಾಗಿದ್ದು.

ಶಂಕರಪ್ಪನನ್ನು ಒಳಗೆ ಕರೆಸಿದೆ.

"ಪೂರ್ವದ ಕಡೆ ಒಂದು ದ್ವೀಪ ತಾಯಿ. ಹಡಗು ಕೆಟ್ಟು ನಿಂತಿತ್ತು, ನೀರು ಹುಡುಕ್ಕೊಂಡು ಹೋದಾಗ ಗುಹೇಲಿ ಕಂಡಿದ್ದು. ಮಕ್ಳು ಅಂದ್ಕೊಂಡೆ. ಬಿಟ್ಟು ಬರಕ್ಕೆ ಮನಸ್ಸಾಗ್ಲಿಲ್ಲ."

ಟ್ರಂಕಿನ ತಳದಿಂದ ಅವನು ಮತ್ತೊಂದು ವಸ್ತು ತೆಗೆದುಕೊಟ್ಟ. ಅದೇ ಗುಹೆಯದು. ಗೀರುಗೀರಾದ ಆನೆಯ ದವಡೆಹಲ್ಲು, ಚೆನ್ನಾಗಿ ಸವೆದದ್ದು. ಬೆಳೆದ ಆನೆಯದಾದರೆ ಇಟ್ಟಿಗೆಯಷ್ಟಿರಬೇಕು, ಇದು ನನ್ನ ಮುಷ್ಟಿಯೊಳಗೆ ಹಿಡಿಸಿತು.

ದ್ವೀಪಗಳಲ್ಲಿ ಆನೆಗಳು ಕುಗ್ಗಿದ್ದವೆಂಬುದು ಆಗಲೇ ಪ್ರಾಣಿಶಾಸ್ತ್ರದವರಿಗೆ ಗೊತ್ತಿತ್ತು. ಮೇವು ಇಷ್ಟೇ, ಸುತ್ತ ಕಡಲು. ಬರ ಬಂದಾಗ ದೊಡ್ಡ ಮೈಯವು ಸಾಯುತ್ತವೆ. ಸ್ವಲ್ಪದರಲ್ಲೇ ಬದುಕುವ ಸಣ್ಣ ಮೈಯವು ಉಳಿದು ಮರಿ ಹಾಕುತ್ತವೆ. ಸಾವಿರಾರು ತಲೆಮಾರು ಕಳೆದರೆ ಆನೆ ಎಮ್ಮೆಯಷ್ಟಾಗುತ್ತದೆ. ಅಲ್ಲಿ ಸಿಕ್ಕಿಕೊಂಡ ಆದಿಮಾನವರಿಗೂ ಹಾಗೆಯೇ ಆಗಿರಬಹುದಲ್ಲವೇ?

ಹೊರಗೆ ಬಂದು, "ಇವ್ರು ವಯಸ್ಸಾದವ್ರು, ತುಂಬಾ ಹಳೇ ಮೂಳೆ. ಬರೆದು ಕೊಡ್ತೀನಿ, ಆತನ್ನ ಬಿಟ್ಬಿಡಿ," ಎಂದೆ.

"ಇಷ್ಟುದ್ದ ಇರೋ ವಯಸ್ಸಾದವ್ರಾ?" ಗೇಟಿನ ಬಳಿ ಯಾರೋ ನಕ್ಕರು. ಇನ್ಯಾರೋ ಕಲ್ಲು ಎತ್ತಿಕೊಂಡರು.

ಮುನಿಯಮ್ಮ ಒಳಗೆ ಹೋದರು. ಹಿಂದೆಯೇ ಹೋಗಿ ನಾನು ತೋರಿಸಿದ ಸವೆದ ಹಲ್ಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಹಾಲಿನ ಬಟ್ಟಲನ್ನು ಎತ್ತಿಕೊಂಡು ಎಲ್ಲರೆದುರು ಹೊರಗೆ ಬಂದರು. "ಮಕ್ಳಲ್ಲ ಕಣ್ರಪ್ಪಾ, ಹಿರೀಕ್ರು. ಹಬ್ಬ ಹತ್ರ ಬಂದಿರೋವಾಗ ಹಿರೀಕ್ರ ಬಾಗ್ಲಲ್ಲಿ ಕಲ್ಲಿಡ್ಕೊಂಡು ನಿಂತಿದೀರಲ್ಲ, ಹೋಗ್ರಿ ಮನೇಗೆ!"

ಕಲ್ಲು ಕೆಳಗೆ ಬಿತ್ತು. ನನ್ನ ಡಿಗ್ರಿಗೆ ಕರಗದ ಜನ ಆ ಒಂದು ಮಾತಿಗೆ ಚದುರಿದರು.

ಮೂಳೆಗಳನ್ನು ಮುಂದೆ ಕಾಲೇಜಿಗೆ ಸಾಗಿಸಿದೆ. ವಿಭಾಗದ ನನ್ನ ಹಿರಿಯರು ಕಾಯಿಲೆಯೆಂದು ಚೀಟಿ ಹಚ್ಚಿ ಬೀರುವಿಗೆ ಹಾಕಿದರು. ಆದರೆ ಅದಕ್ಕೆ ಮೊದಲು, ಅಮಾವಾಸ್ಯೆಯ ದಿನ, ಮುನಿಯಮ್ಮ ನನ್ನನ್ನು ಊಟಕ್ಕೆ ಕರೆದಿದ್ದರು. ಹಿತ್ತಲ ಕೋಣೆಯಲ್ಲಿ ಟ್ರಂಕಿನ ಮುಂದೆ ಅಗಲವಾದ ಬಾಳೆಲೆ, ಅದರ ತುಂಬ ಎಡೆ. ನಡುವೆ ದೊಡ್ಡ ರಾಗಿಮುದ್ದೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಮುನಿಯಮ್ಮ, ಶಂಕರಪ್ಪ, ನಾನು ಮೂವರೂ ಅಂಗಳದಲ್ಲಿ ನಿಂತೆವು. ಅವರ ಊಟ ಮುಗಿಯುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ತೆರೆಯುವುದು ಪದ್ಧತಿ. ಸುತ್ತಲ ಖಾಲಿ ಸೈಟುಗಳಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ಇಂಥದ್ದನ್ನೆಲ್ಲ ನಂಬದ ನಾನು ಬಾಗಿಲಿಗೆ ಕಿವಿ ಕೊಟ್ಟು, ಉಸಿರು ಹಿಡಿದು ನಿಂತಿದ್ದೆ.

ಮೂಳೆಯ ಉದ್ದ ನೋಡಿ ವಯಸ್ಸು ಹೇಳಬಾರದು, ಅವರಿಗೆ ಉಣ್ಣಲು ಏನಿತ್ತೆಂದು ಮೊದಲು ಕೇಳಬೇಕು ಎಂದು ಮುಂದೆ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅದನ್ನು ಕಲಿತದ್ದು ಆ ಅಂಗಳದಲ್ಲಿ. ಭಯ ತಡೆಯಲಾರದೆ, ಬೇಗ ಮುಗಿದರೆ ಸಾಕೆಂದು ಬಾಗಿಲು ತಟ್ಟಲು ಕೈ ಎತ್ತಿದ್ದೆ. ಮುನಿಯಮ್ಮ ಹಿಡಿದುಕೊಂಡರು.

"ಅವಸರ ಮಾಡ್ಬೇಡಿ ಡಾಕ್ಟ್ರಮ್ಮ. ಎಷ್ಟು ತಲೆಮಾರಿಂದ ಅರೆಹೊಟ್ಟೇಲಿದ್ರೋ ಏನೋ. ಉಣ್ಲಿ."