ಆಲ್ವೀನೆ ರುಚಿ ನೋಡಿದ ಮಿಠಾಯಿ

ತಾರ್ತು ಊರಿನ ಆ ಶಿಶುವಿಹಾರದಲ್ಲಿ ಅಡುಗೆಯ ಆಲ್ವೀನೆಯ ನಾಲಿಗೆಗೆ ಸುಂಕ ಕಟ್ಟದೆ ಒಂದು ತುತ್ತೂ ಮಕ್ಕಳ ಬಾಯಿ ಸೇರಿದ್ದಿಲ್ಲ. ಯುದ್ಧಕಾಲದಲ್ಲಿ ವಿಮಾನಗಳು ನೆತ್ತಿಯ ಮೇಲೆ ಗುಡುಗುತ್ತಿದ್ದಾಗಲೂ ಆಕೆ ಸೌಟೆತ್ತಿ ಚಪ್ಪರಿಸಿ, "ಉಪ್ಪು ಸಾಲದು" ಎಂದು ಸರಿಪಡಿಸಿದ ಮೇಲೆಯೇ ಬಟಾಣಿ ಸಾರು ನೆಲಮಾಳಿಗೆಗೆ ಇಳಿಯಿತಂತೆ. ಬಾಂಬುಗಳೂ ಅಷ್ಟು ಹೊತ್ತು ಕಾದವಂತೆ. ಇಲ್ಲವೆನ್ನುವ ಎದೆ ಊರಲ್ಲಿ ಯಾರಿಗೂ ಇಲ್ಲ.

೧೯೫೯ರ ವಸಂತದಲ್ಲಿ ಡಾಕ್ಟರ್ ಮೈಮು ಪೋಲಿಯೊ ಲಸಿಕೆಯ ಮಿಠಾಯಿ ತಂದರು. ತಾಯಂದಿರು ಮಕ್ಕಳನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ನಿಂತರು.

"ಅಮೆರಿಕದಲ್ಲಿ ಸತ್ತ ರೋಗಾಣು ಅಂತ ಚುಚ್ಚಿದ್ರು. ಅದರಲ್ಲಿ ಬದುಕಿದ್ದೂ ಉಳ್ಕೊಂಡು ಮಕ್ಕಳ ಕಾಲೇ ಹೋಯ್ತು," ಎಂದಳು ಪುಟ್ಟ ತಿಯಿತ್‌ನ ತಾಯಿ ವಾಯ್ಕೆ. "ನೀವು ನೋಡಿದ್ರೆ ಬದುಕಿರೋದನ್ನೇ ತಿನ್ನಿಸ್ತೀನಿ ಅಂತೀರಿ."

"ಈ ರೋಗಾಣುವಿನ ಹಲ್ಲು ಕಿತ್ತಿದೆ ಕಣಮ್ಮ," ಎಂದರು ಡಾಕ್ಟರ್.

"ಎಣಿಸಿ ನೋಡಿದ್ರಾ?"

ಆಲ್ವೀನೆಯ ಕಣ್ಣು ಅಂಗಳದ ಬೆಂಚಿನತ್ತ ಹೋಯಿತು. ಹೋದ ಬೇಸಿಗೆಯ ಪೋಲಿಯೊ ಕಾಲು ಕಸಿದುಕೊಂಡ ಎಂಡ್ಲಾ ಅಲ್ಲಿ ಕೂತು ಉಳಿದವರ ಓಟ ನೋಡುತ್ತಿದ್ದಳು. ಇನ್ನೊಂದು ಬೇಸಿಗೆ ಬಾಗಿಲಲ್ಲಿತ್ತು. ಬೆಂಚಿನಲ್ಲಿ ಇನ್ನೂ ಜಾಗವಿತ್ತು.

"ಇಲ್ಲಿ ನಾನು ರುಚಿ ನೋಡದ್ದು ಯಾರ ಬಾಯಿಗೂ ಹೋಗಲ್ಲ," ಎಂದು ಆಕೆ ಎಲ್ಲರೆದುರೇ ಒಂದು ಮಿಠಾಯಿ ಎತ್ತಿ ಬಾಯಿಗೆ ಹಾಕಿಕೊಂಡಳು.

"ಸರಿ, ಒಂದು ವಾರ ಆಲ್ವೀನೆ ಅತ್ತೆಯ ಕಾಲು ನೋಡೋಣ. ಆಮೇಲೆ ಮಾತು," ಎಂದಳು ವಾಯ್ಕೆ.

ವಿಧಿಗೆ ಇಂಥ ಸಮಯವೇ ಬೇಕು. ಮಾರನೆಯ ಬೆಳಿಗ್ಗೆ ಆಲೂಗಡ್ಡೆ ಬೇಯಿಸುವ ಹಂಡೆ ಜಾರಿ ಆಲ್ವೀನೆಯ ಹೆಬ್ಬೆರಳ ಮೇಲೆ ಬಿತ್ತು. ಬೆರಳು ಬೀಟ್‌ರೂಟಿನಂತಾಯಿತು. ಕುಂಟಿದರೆ ಎಲ್ಲ ಕೆಟ್ಟಂತೆ. ಹಂಡೆ ಬಿತ್ತೆಂದರೆ ಯಾರು ನಂಬಿಯಾರು? ತೀರಿಹೋದ ಗಂಡನ ದೊಡ್ಡ ಬೂಟಿನೊಳಗೆ ಪಾದ ತುರುಕಿ, ಹಲ್ಲು ಕಚ್ಚಿ ಬೀದಿಗಿಳಿದಳು. ಪ್ರತಿ ಕಿಟಕಿಯಲ್ಲೂ ಕಣ್ಣುಗಳು. ಮೇ ದಿನದ ಮೆರವಣಿಗೆಯಲ್ಲಿ ದಂಡನಾಯಕರೂ ಅಷ್ಟು ಗತ್ತಿನಿಂದ ಹೆಜ್ಜೆ ಇಟ್ಟಿರಲಾರರು.

"ಬೂಟು ಯಾಕತ್ತೆ, ಯುದ್ಧಕ್ಕಾ?" ವಾಯ್ಕೆ ಕೆಣಕಿದಳು.

"ಕೆಸರು ಕಣೇ."

"ಮಳೆ ಬಂದು ಎಷ್ಟು ದಿನ ಆಯ್ತು!"

"ಬರೋ ಮಳೆಗೆ ಇದು."

ವಾರದ ಕೊನೆಗೆ ಮಕ್ಕಳ ವಸಂತೋತ್ಸವ. ಅಕಾರ್ಡಿಯನ್ ಉಸಿರೆಳೆದದ್ದೇ ತಡ, ವಾಯ್ಕೆ ಬಂದು ಕೈ ಚಾಚಿದಳು. "ಒಂದು ಪೋಲ್ಕಾ ಕುಣಿಯೋಣ್ವಾ ಅತ್ತೆ?"

ಅದು ಪರೀಕ್ಷೆಯೆಂದು ಇಬ್ಬರಿಗೂ ಗೊತ್ತಿತ್ತು. ಆಲ್ವೀನೆ ಕುಣಿದಳು. ನೆಲಹಲಗೆ ನರಳಿತು. ಆಕೆಯ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಸಂತೋಷವೆಂದುಕೊಂಡರು.

ಸೋಮವಾರ ತಾಯಂದಿರ ಸಾಲು ಗೇಟು ದಾಟಿ ಬೀದಿಗೆ ಬಂದಿತ್ತು. ಮೊದಲು ಬಾಯಿ ತೆರೆದವನು ತಿಯಿತ್. ಆ ಬೇಸಿಗೆ ಎಂಡ್ಲಾಳ ಬೆಂಚಿಗೆ ಇನ್ನೊಬ್ಬರು ಬರಲಿಲ್ಲವೆಂಬುದನ್ನು ಆ ಬೀದಿ ಇಂದಿಗೂ ಎದೆಯುಬ್ಬಿಸಿ ಹೇಳುತ್ತದೆ.

ಆ ಸೋಮವಾರ ಮಿಠಾಯಿ ಮುಗಿದ ಮೇಲೆ ಡಾಕ್ಟರ್ ಮೈಮು ಅಡುಗೆಮನೆಗೆ ಬಂದು ಆಕೆಯ ಕೈ ಹಿಡಿದುಕೊಂಡರು.

"ಆಲ್ವೀನೆ, ಇಷ್ಟು ಧೈರ್ಯ ನಿಮಗೆ ಎಲ್ಲಿಂದ ಬಂತು?"

ಆಕೆ ಸ್ಟೂಲಿನ ಮೇಲೆ ಕುಸಿದು ಕಾಲು ಮುಂದೆ ಚಾಚಿದಳು.

"ಧೈರ್ಯ ಗೀರ್ಯ ಆಮೇಲೆ ಡಾಕ್ಟ್ರೇ. ಮೊದಲು ಈ ಬೂಟು ಎಳೀರಿ."