ಅವ್ವನನ್ನು ನೋಡಲು ಬಂದ ಗಣಿತದ ಸರ್

ನಿನ್ನೆ ಸಂಜೆ ಹಾಲು ತರಲು ಇಳಿಯುವಾಗ ಮೆಟ್ಟಿಲ ಮೇಲೆ ಗುಲಾಬಿ ಅತ್ತರಿನ ವಾಸನೆ ಬಂತು. ಕೆಳಗಿನ ಮನೆಗೆ ಯಾರೋ ನೆಂಟರು ಬಂದು ಹೋಗಿದ್ದರಂತೆ. ಹಾಲು ಮರೆತು ವಾಪಸ್ ಹತ್ತಿ ಬಂದೆ. ರಾಯಚೂರಿನ ಈ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ನನಗೆ, ದಿನವಿಡೀ ಒಂದು ಮಾತೂ ಆಡದೆ ಇರುವುದು ರೂಢಿಯಾಗಿದೆ. ನಿನ್ನೆ ಮಾತ್ರ ಆ ಮೌನ ಸಹಿಸಲಾಗಲಿಲ್ಲ.

ಶುಕ್ರವಾರಗಳಂದು ಆ ಅತ್ತರು ಹಚ್ಚಿಕೊಂಡು ಬರುತ್ತಿದ್ದವರು ದೇವದುರ್ಗದ ನಮ್ಮ ಹೈಸ್ಕೂಲಿನ ಗಣಿತದ ಸರ್. ನಿವೃತ್ತಿಗೆ ಹತ್ತಿರವಾಗಿದ್ದರು. ನಾನು ಅಲ್ಲಿ ಅತಿಥಿ ಶಿಕ್ಷಕಿ. ಪ್ರತಿ ಜೂನಿನಲ್ಲೂ ಕೆಲಸ ಉಂಟೋ ಇಲ್ಲವೋ ಎಂದು ಕಾಯುತ್ತಿದ್ದವಳು. ಮಕ್ಕಳ ಲೆಕ್ಕ ತಪ್ಪಿದರೆ ಸರ್ ಅಡ್ಡಗೀಟು ಎಳೆಯುತ್ತಿರಲಿಲ್ಲ. ತಪ್ಪು ಶುರುವಾದ ಸಾಲಿನ ಪಕ್ಕ ಒಂದು ಚುಕ್ಕೆ ಇಟ್ಟು, "ಇಲ್ಲೀತನಾ ಛಲೋ ಬಂದೀದಿ. ಮುಂದ ಏನಾತು, ನೀನ ನೋಡು" ಎನ್ನುತ್ತಿದ್ದರು. ಪ್ರೋಗ್ರಾಂ ಕೆಟ್ಟಾಗ ನಾನು ಇವತ್ತಿಗೂ ಹಾಗೆಯೇ ಸಾಲು ಸಾಲಾಗಿ ಹುಡುಕುತ್ತೇನೆ.

ಮೂವತ್ತನಾಲ್ಕನೇ ವಯಸ್ಸಿನಲ್ಲಿ ಈ ಪ್ರೋಗ್ರಾಂ ಕೆಲಸ ಕಲಿಯುತ್ತಿದ್ದೇನೆಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಕ್ಕಾರು ಎಂಬ ಭಯ. ಗೊತ್ತಾದರೆ ಇದ್ದ ಕೆಲಸವೂ ಹೋದೀತು ಎಂಬ ಭಯ ಬೇರೆ. ಎರಡು ವರ್ಷ ವಿಡಿಯೋ ನೋಡಿ ನೋಡಿ ಕಲಿತ ಮೇಲೆ ಒಂದು ಸಣ್ಣ ಕಂಪನಿಯವರು, ಒಂದು ವಾರ ಕೆಲಸ ಮಾಡಿ ತೋರಿಸಿ ಎಂದರು. ಆಗ ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಿತ್ತು. ರಜೆ ಸಿಗುವ ಮಾತೇ ಇರಲಿಲ್ಲ. ಮಾನ್ವಿಯಲ್ಲಿ ಅವ್ವನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದೆ.

"ಹೋಗಿ ಬರ್ರಿ ಟೀಚರ್. ನಿಮ್ಮ ಕ್ಲಾಸ್ ನಾ ನೋಡ್ಕೋತೀನಿ. ತಾಯಿಗಿಂತ ಹೆಚ್ಚಿಂದು ಏನದ?" ಎಂದರು ಸರ್.

ನಾನು ಹೋದದ್ದು ಮಾನ್ವಿಗಲ್ಲ, ರಾಯಚೂರಿನ ಗೆಳತಿಯ ಕೋಣೆಗೆ. ಅವ್ವನಿಗೊಂದು ಮಾತು ಹೇಳಿಡುವ ಬುದ್ಧಿಯೂ ಹೊಳೆಯಲಿಲ್ಲ. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಿ ಬಾರದೆ ಇರುವುದುಂಟೇ? ಅಲ್ಲೇ ಹುಟ್ಟಿ ಬೆಳೆದ ನಾನು ಅದನ್ನೇ ಮರೆತಿದ್ದೆ! ಭಾನುವಾರ ಸಂಜೆ ಅವ್ವನ ಫೋನು ಬಂತು.

"ನಿಮ್ಮ ಸಾಲಿ ಸರ್ ಮನಿಗೆ ಬಂದಿದ್ರು. ಬ್ರೆಡ್ಡು, ಮೋಸಂಬಿ ತಂದಿದ್ರು. ನಾ ಮಾಳಿಗಿ ಮ್ಯಾಲ ಮೆಣಸಿನಕಾಯಿ ಒಣ ಹಾಕಾಕತ್ತಿದ್ದೆ. ನನಗ ಆರಾಮಿಲ್ಲಂತ ಯಾರು ಹೇಳ್ಯಾರಬೇ?"

"ಏನಂದ್ರು?" ಎಂದೆ.

"ಏನಿಲ್ಲ. ಚಾ ಕುಡದು ಹೋದ್ರು."

ಮಂಗಳವಾರ ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಹೆಡ್ ಮಾಸ್ತರೂ ಸೇರಿ ಎಲ್ಲರೂ ಇದ್ದರು. ಸರ್ ತಲೆಯೆತ್ತಿ, "ಅವ್ವಾರು ಹೆಂಗದಾರ್ರೀ ಟೀಚರ್?" ಎಂದು ಕೇಳಿದರು. "ಈಗ ಆರಾಮ ಅದಾರ್ರೀ ಸರ್" ಎಂದೆ. ಅವರು ತಲೆಯಾಡಿಸಿ ಮತ್ತೆ ನೋಟ್‌ಬುಕ್ಕು ತಿದ್ದತೊಡಗಿದರು. ದನಿಯಲ್ಲಿ ಕೊಂಕಿರಲಿಲ್ಲ. ನನ್ನ ಸುಳ್ಳನ್ನು ಎಲ್ಲರೆದುರು ಅವರೇ ಕಾಪಾಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು...

ಕೆಲಸ ಸಿಕ್ಕಿತು. ಹದಿನೈದು ದಿನದೊಳಗೆ ಶಾಲೆ ಬಿಟ್ಟೆ. ನನ್ನ ತರಗತಿಗಳೂ ಸರ್ ಕೊರಳಿಗೇ ಬಿದ್ದವು. ಹೊರಡುವ ದಿನ ಎಲ್ಲ ಹೇಳಿ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಅವರು ಪಾಠ ಮಾಡುತ್ತಿರುವುದು ಕಿಟಕಿಯಿಂದ ಕಂಡಿತು. ನಾಳೆ ಫೋನ್ ಮಾಡಿದರಾಯಿತು ಎಂದು ಬಸ್ ಸ್ಟ್ಯಾಂಡಿಗೆ ನಡೆದೆ. ಆ ನಾಳೆ ಮೂರು ವರ್ಷವಾದರೂ ಬರಲಿಲ್ಲ. ನಾಚಿಕೆಗೆ ಶಾಲೆಯ ವಾಟ್ಸಾಪ್ ಗ್ರೂಪನ್ನೂ ತೆರೆಯುತ್ತಿರಲಿಲ್ಲ. ಹೋದ ತಿಂಗಳು ಯಾವುದೋ ಹಳೇ ಫೋಟೋ ಹುಡುಕಲು ತೆರೆದರೆ, ಸರ್ ತೀರಿಕೊಂಡ ಸುದ್ದಿ ಇತ್ತು. ಆರು ತಿಂಗಳು ಹಳೆಯದು. ಎಲ್ಲರೂ ಕೆಳಗೆ ಎರಡೆರಡು ಸಾಲು ಬರೆದಿದ್ದರು, ನನ್ನೊಬ್ಬಳ ಹೊರತು.

ನಿನ್ನೆ ಮೆಟ್ಟಿಲು ಹತ್ತಿ ಬಂದವಳೇ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಎಲ್ಲ ಕೇಳಿದ ಮೇಲೆ ಅವ್ವ ಹೇಳಿದಳು:

"ಅವತ್ತು ಹೋಗೋ ಮುಂದ ಬಾಗಿಲದಾಗ ನಿಂತು ಒಂದು ಮಾತು ಅಂದಿದ್ರು. 'ನಾ ಬಂದಿದ್ದು ಮಗಳಿಗೆ ಹೇಳಬ್ಯಾಡ್ರೀ ತಾಯಿ. ಆಕಿಗೆ ಏನೋ ಕಷ್ಟ ಅದ. ಗೊತ್ತಾದ್ರ ನನಗ ಮಾರಿ ತೋರ್ಸಾಕ ನಾಚ್ಕೋತಾಳ' ಅಂತ. ನಾ ಬಾಯಿ ತಡೀಲಾರದ ಸಂಜೀಗೇ ನಿನಗ ಹೇಳಿಬಿಟ್ಟೆ."

ಅವರು ಹೆದರಿದಂತೆಯೇ ಆಯಿತು. ದೇವದುರ್ಗ ಇಲ್ಲಿಂದ ದೂರವೇನಲ್ಲ. ಅವರು ಇದ್ದಷ್ಟು ದಿನ ಯಾವ ಭಾನುವಾರ ಬೇಕಾದರೂ ಹೋಗಬಹುದಿತ್ತು. ಸರ್‌ಗೆ ನನ್ನ ಕ್ಷಮೆ ಬೇಕಿರಲಿಲ್ಲ. ನಾನು ಒಮ್ಮೆ ಬಂದು ಎದುರು ನಿಂತಿದ್ದರೆ ಸಾಕಿತ್ತು ಅವರಿಗೆ.