ಫ್ರೀಜರಿಗೆ ಇಟ್ಟ ಕುಂಕುಮ

ನಿಮ್ಮ ಮನೆಯಲ್ಲೂ ಆಯುಧಪೂಜೆಗೆ ಫ್ರಿಜ್ಜಿಗೆ ಕುಂಕುಮ ಇಡುತ್ತೀರಲ್ಲವೇ? ಈ ಬೆಳಿಗ್ಗೆ ನನ್ನ ಮಗಳು ನಮ್ಮ ಫ್ರಿಜ್ಜಿಗೆ ಮೂರು ಬೊಟ್ಟಿಟ್ಟಳು. ನನ್ನ ಕೈ ತಾನಾಗಿ ಸ್ವಿಚ್ಚಿನತ್ತ ಹೋಯಿತು. ಆನ್ ಆಗಿಯೇ ಇತ್ತು. ಆದರೂ ಎರಡು ಸಲ ನೋಡಿದೆ.

ಇವಳು ಹುಟ್ಟುವ ಮೊದಲು ನಾನು ಹೊಸಕೋಟೆ ಪಕ್ಕ, ಪಿಲ್ಲಗುಂಪೆಯ ಒಂದು ಸಣ್ಣ ಲ್ಯಾಬಿನಲ್ಲಿದ್ದೆ. ಕೋಳಿಮೊಟ್ಟೆಯೊಳಗೆ ಭ್ರೂಣ ಬೆಳೆಯುವ ಮೊದಲ ದಿನಗಳಲ್ಲಿ ಒಂದು ಪ್ರೋಟೀನ್ ಬೇಕೇ ಬೇಕು. ಅದಿಲ್ಲದಿದ್ದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಆ ಪ್ರೋಟೀನ್ ಎಲ್ಲಿದೆಯೆಂದು ಹುಡುಕಿ ತೋರಿಸುವ ಆ್ಯಂಟಿಬಾಡಿಯನ್ನು ಒಂದು ಮೊಲದ ರಕ್ತದಿಂದ ಪಡೆದಿದ್ದೆವು. ಮೊಲ ಸತ್ತುಹೋಗಿತ್ತು. ಉಳಿದದ್ದು ಫ್ರೀಜರಿನಲ್ಲಿದ್ದ ಆರು ಪುಟ್ಟ ಟ್ಯೂಬುಗಳು. ನನ್ನ ಎರಡು ವರ್ಷದ ದುಡಿಮೆಯೆಲ್ಲ ಅಷ್ಟರಲ್ಲೇ ಇತ್ತು.

ಆಗ ನನಗೆ ಎರಡನೇ ತಿಂಗಳು. ಹಿಂದೊಮ್ಮೆ ಕಳೆದುಕೊಂಡಿದ್ದರಿಂದ, ಮೂರು ತುಂಬುವವರೆಗೆ ಯಾರಿಗೂ ಹೇಳಕೂಡದೆಂದು ಅತ್ತೆ ಕಟ್ಟುನಿಟ್ಟು ಮಾಡಿದ್ದರು. ಭ್ರೂಣ ಎಲ್ಲೆಲ್ಲಿ ಎಡವಬಹುದೆಂದು ಓದಿಕೊಂಡವಳಿಗೆ ಭಯ ಎರಡರಷ್ಟು. ಪೂಜೆಗೀಜೆ ಎಂದರೆ ನಗುತ್ತಿದ್ದ ನಾನೇ ಆ ವರ್ಷ, ಲ್ಯಾಬ್ ಗುಡಿಸಿ ಒರೆಸುವ ರತ್ನಕ್ಕನ ಹತ್ತಿರ ಗುಟ್ಟಾಗಿ ಹೋಗಿ, "ಫ್ರೀಜರ್‌ನೂ ಚೆನ್ನಾಗಿ ಒರ್ಸಿ ಪೂಜೆ ಮಾಡ್ಬಿಡಿ" ಅಂದೆ.

ಕರೆಂಟಿರುವ ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದುಂಟೇ? ರತ್ನಕ್ಕ ಸ್ವಿಚ್ ಆರಿಸಿದರು, ಒರೆಸಿದರು, ಕುಂಕುಮವಿಟ್ಟು ಹೂ ಮುಡಿಸಿದರು. ಮತ್ತೆ ಸ್ವಿಚ್ ಹಾಕುವುದನ್ನು ಮರೆತರು. ಆಮೇಲೆ ಮೂರು ದಿನ ರಜೆ.

ಬಂದು ಮುಟ್ಟಿದರೆ ಟ್ಯೂಬುಗಳು ಬೆಚ್ಚಗಿದ್ದವು. ನನ್ನ ಹೊಟ್ಟೆಯೊಳಗೂ ಏನೋ ಆಗಿಹೋಯಿತು ಅನ್ನಿಸಿತು. "ಯಾರ್ರೀ ಫ್ರೀಜರ್ ಮುಟ್ಟಕ್ಕೆ ಹೇಳಿದ್ದು?" ಎಂದು ಲ್ಯಾಬಿನ ಸಾಹೇಬರು ಕೂಗಾಡಿದರು. ನಾನು ನೆಲ ನೋಡಿದೆ.

"ಯಾರೂ ಹೇಳ್ಲಿಲ್ಲ ಸಾ, ನಾನೇ," ಎಂದರು ರತ್ನಕ್ಕ. ಅವತ್ತೇ ಅವರನ್ನು ಕೆಲಸದಿಂದ ತೆಗೆದರು.

ವಾರದೊಳಗೆ ಅದೇ ಆ್ಯಂಟಿಬಾಡಿಯನ್ನು ಕೋಳಿಭ್ರೂಣಕ್ಕೆ ಹಾಕಿ, ಉಸಿರು ಬಿಗಿಹಿಡಿದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಪ್ರೋಟೀನ್ ಇರುವ ಕಡೆ ಮಂಕಾಗಿಯಾದರೂ ಹಸಿರು ಹೊಳೆಯಿತು. ಕೆಟ್ಟಿರಲಿಲ್ಲ! ಅತ್ತುಬಿಟ್ಟೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಹೇಳಲಿಲ್ಲ. ನನ್ನಂಥ ಪುಕ್ಕಲಿಯನ್ನು ನೀವು ಕಂಡಿರಲಾರಿರಿ.

ಇವತ್ತು ಆ ಮೂರು ಬೊಟ್ಟು ನನ್ನನ್ನು ಕೂರಗೊಡಲಿಲ್ಲ. ಹಳೆಯ ನಂಬರಿಗೆ ಫೋನ್ ಮಾಡಿದೆ. "ರತ್ನಕ್ಕ, ಅವತ್ತು ನಾನು ಬಾಯಿ ಬಿಡ್ಬೇಕಿತ್ತು. ತಪ್ಪಾಯ್ತು."

"ಬಿಡಿ ಮೇಡಂ. ದಿನಾ ವಾಂತಿ ಸದ್ದು ಕೇಳಿಸ್ಬಾರ್ದು ಅಂತ ನಲ್ಲಿ ತಿರುಗಿಸ್ಕೊಂಡು ನಿಂತಿರ್ತಿದ್ರಿ. ನಂಗ್ ಗೊತ್ತಾಗಲ್ವಾ? ಬಯ್ಸ್ಕೊಳೋ ಹೊತ್ತಾ ಅದು ನಿಮ್ಗೆ?" ಆಮೇಲೆ ಅವರೇ ಕೇಳಿದರು: "ಅಂದಂಗೆ, ಏನ್ ಮಗು ಆಯ್ತು ಮೇಡಂ?"

ಮಗಳನ್ನು ಕರೆದು ಫೋನನ್ನು ಅವಳ ಕೈಗೆ ಕೊಟ್ಟೆ.